ಇಪ್ಪತ್ತರ ಗೆರೆ

ಊರಲ್ಲಿ ನನ್ನ ಬಗ್ಗೆ ಯಾರನ್ನೇ ಕೇಳಿ, "ಆ ಬಸ್ಯಾನ ಮಾತಿನಾಗ ಒಂಬತ್ತು ಬಿಟ್ಟು ಒಂದು ಹಿಡೀರಿ" ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಯರಗಟ್ಟಿಯಲ್ಲಿ ಸುಟ್ಟುಹೋದ ನೀರಿನ ಮೋಟಾರುಗಳ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುವ ಒಂದು ಅಂಗಡಿಯಿದೆ, ಅಲ್ಲಿ ನಾನು ಕೆಲಸಗಾರ. ಹೊಲಕ್ಕೆ ಹೋಗಿ ಮೋಟಾರು ಕೂರಿಸಿದ ಮೇಲೆ ನನ್ನದೊಂದು ಹೆಸರುವಾಸಿ ಆಟವಿತ್ತು. ಸ್ಟಾರ್ಟರ್ ಡಬ್ಬಿಗೆ ಕೈ ಹಚ್ಚಿ "ಯವ್ವಾ!" ಎಂದು ಕಿರುಚುವುದು, ಕರೆಂಟು ಹೊಡೆದವನಂತೆ ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದು, ನಾಲಿಗೆ ಹೊರಗೆ ಹಾಕುವುದು. ಮನೆಮಂದಿಯೆಲ್ಲ ಎದೆ ಬಡಿದುಕೊಂಡು ಓಡಿಬಂದಾಗ ಒಂದು ಕಣ್ಣು ತೆರೆದು, "ಚಾ ಐತೇನ್ರಿ?" ಎನ್ನುವುದು. ಬೈಗುಳ ಸಿಗುತ್ತಿತ್ತು, ಹಿಂದೆಯೇ ಚಹವೂ ಸಿಗುತ್ತಿತ್ತು. ಮೂರು ವರ್ಷದಲ್ಲಿ ನಾನು ಎಷ್ಟು ಹೊಲದಲ್ಲಿ ಸತ್ತಿದ್ದೇನೋ ನನಗೇ ನೆನಪಿಲ್ಲ.

ಆ ಆಟ ಒಂದು ದಿನ ನನ್ನನ್ನು ನಿಜವಾಗಿ ಕೊಲ್ಲುವುದರಲ್ಲಿತ್ತು. ಆದರೆ ಪೂರ್ತಿ ತಪ್ಪು ಆಟದ್ದಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಸಿಟ್ಟಿನಲ್ಲೇ ಕೂತಿದ್ದೇನೆ. ನೀವೂ ನನ್ನ ಹಾಗೆ ದಿನಾ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವವರಾದರೆ, ನಗು ಬಂದಲ್ಲಿ ನಗಿ. ಮುಗಿದ ಮೇಲೆ ಮಾತ್ರ ನಿಮ್ಮ ಸೂಜಿಯ ಟೊಪ್ಪಿಗೆ ಯಾವ ಬಣ್ಣದ್ದು ಅಂತ ಒಮ್ಮೆ ಎದ್ದು ಹೋಗಿ ನೋಡಿ.

ನನಗಾಗ ಇಪ್ಪತ್ನಾಲ್ಕು. ನೀರಡಿಕೆ ಅಂದರೆ ಎಂಥ ನೀರಡಿಕೆ! ಅಂಗಡಿಯ ಕೊಡ ನಾನೊಬ್ಬನೇ ಖಾಲಿ ಮಾಡುತ್ತಿದ್ದೆ, ಬಸ್ ನಿಲ್ದಾಣದ ಗೋಡೆಯನ್ನು ನಾನೊಬ್ಬನೇ ತೊಳೆಯುತ್ತಿದ್ದೆ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ, ಒಮ್ಮೆ ಮೋಟಾರು ಎತ್ತಲು ಬಗ್ಗಿದಾಗ ಗಿರಾಕಿಗಳ ಮುಂದೆಯೇ ಇಳಿದುಹೋಯಿತು. ಅದನ್ನೂ ಜನ ಹೊಸ ಆಟವೆಂದೇ ತಿಳಿದರು. ಇದು ರೋಗವೆಂದು ಪತ್ತೆ ಹಚ್ಚಿದವಳು ನನ್ನ ಆಯಿ, ಅಂದರೆ ಅಜ್ಜಿ. ಹಿತ್ತಲಲ್ಲಿ ನಿಂತು ಕರೆದಳು.

"ಲೇ ಬಸ್ಯಾ, ನೀ ಎಲ್ಲಿ ಹೊಯ್ದಿ ನೋಡಿಲ್ಲೆ. ಇರಿವಿ ದಿಂಡಿ ಹೊಂಟಾವು."

ನಿಜವಾಗಿಯೂ ಕರಿ ಇರುವೆಗಳು ಸಾಲುಗಟ್ಟಿ ನನ್ನ ದರ್ಶನಕ್ಕೆ ಬಂದಿದ್ದವು. ಆಯಿಗೆ ಹತ್ತು ವರ್ಷದಿಂದ ಸಕ್ಕರೆ ರೋಗ. "ನಿನಗೂ ಸಕ್ರಿ ಬ್ಯಾನಿ ಬಂದೈತಿ. ತಗೋ" ಎಂದು ತನ್ನ ಗುಳಿಗೆಯನ್ನೇ ಮುರಿದು ಅರ್ಧ ನನಗೆ ಕೊಟ್ಟಳು. ನಮ್ಮಲ್ಲಿ ಹೀಗೇ, ಮಜ್ಜಿಗೆಯಂತೆ ಗುಳಿಗೆಯನ್ನೂ ಹಂಚಿಕೊಳ್ಳುತ್ತೇವೆ. ನಾನೂ ಎರಡು ವಾರ ತಿಂದೆ. ಮೂರನೆಯ ವಾರ ವಾಂತಿ ಶುರುವಾಗಿ, ನಾಯಿಯಂತೆ ಏದುತ್ತ ಎಚ್ಚರ ತಪ್ಪಿ ಬಿದ್ದೆ, ಮತ್ತೆ ಎಚ್ಚರಾದದ್ದು ಬೆಳಗಾವಿಯ ದೊಡ್ಡ ಆಸ್ಪತ್ರೆಯ ಮಂಚದ ಮೇಲೆ. ನನ್ನ ಒಳಗಿನ ಮೋಟಾರು ಸುಟ್ಟಿದೆ, ಇದು ಗುಳಿಗೆಗೆ ತಿರುಗುವುದಿಲ್ಲ, ಜೀವ ಇರುವತನಕ ಸೂಜಿಯೇ ಗತಿ. ವೈದ್ಯರು ಹೇಳಿದ್ದು ನನಗೆ ತಿಳಿದದ್ದು ಹೀಗೆ.

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು, "ಸೂಜಿ ಚುಚಗೊಳ್ಳಾಂವಗ ಹೆಣ್ಣು ಯಾರ್ ಕೊಡತಾರೋ?" ಎಂದಳು. "ಮೊದಲೂ ಯಾರೂ ಕೊಡಾಕ ನಿಂತಿರಲಿಲ್ಲ ತಗೋ ಯವ್ವಾ" ಎಂದೆ. ಬದಿಯ ಮಂಚದವರು ನಕ್ಕರು. ಅವ್ವ ನಗಲಿಲ್ಲ.

ಮನೆಗೆ ಕಳಿಸುವ ದಿನ ಅಲ್ಲಿಯ ಸಿಸ್ಟರ್ ಒಬ್ಬರು ಪಾಠ ಹೇಳಿಕೊಟ್ಟರು. ಒಂದು ಔಷಧದ ಬಾಟಲಿ, ಕೆಂಪು ಟೊಪ್ಪಿಗೆಯ ಸಣ್ಣ ಸೂಜಿಗಳು. ಸೂಜಿಯ ಮೈಮೇಲೆ ಗೆರೆ, ಗೆರೆಗೆ ಅಂಕಿ. "ಮುಂಜಾನಿ ಇಪ್ಪತ್ತರ ಗೆರಿ ತನಕ ಎಳೀರಿ, ಸಂಜಿಕ ಹತ್ತರ ಗೆರಿ ತನಕ. ಮತ್ತ ನೋಡ್ರಿ, ಈ ಸೂಜಿ ಬಿಟ್ಟು ಬ್ಯಾರೆ ಸೂಜಿ ಬಳಸಬ್ಯಾಡ್ರಿ."

ಬ್ಯಾರೆ ಸೂಜಿ! ನನ್ನ ಜಾಣ ತಲೆಗೆ ಹೊಳೆದದ್ದು, ಬೇರೆಯವರು ಚುಚ್ಚಿಕೊಂಡ ಸೂಜಿ. ಬಸ್ ನಿಲ್ದಾಣದ ಗೋಡೆಯ ಮೇಲಿನ ಏಡ್ಸ್ ರೋಗದ ಜಾಹೀರಾತು ಕಣ್ಣ ಮುಂದೆ ಬಂತು. ಎದೆಯ ಮೇಲೆ ಕೈ ಇಟ್ಟು, "ಛೇ ಛೇ, ನಾ ಅಂಥಾಂವ ಅಲ್ರಿ ಅಕ್ಕಾರ" ಎಂದೆ. ಆಕೆ ನಕ್ಕು ಮುಂದಿನ ಮಂಚಕ್ಕೆ ಹೋದರು. ಆ ಸಿಸ್ಟರ್ ಹೇಳಬೇಕಾದ್ದನ್ನು ಹೇಳಿದ್ದರು. ಕೇಳುವ ಕಿವಿ ನನ್ನದಾಗಿತ್ತು, ಏನು ಮಾಡುವುದು?

ಔಷಧ ತಂಪಿನಲ್ಲಿರಬೇಕು ಎಂದಿದ್ದರು. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ, ಇದ್ದರೂ ನಮ್ಮ ಊರಿನ ಕರೆಂಟಿಗೆ ಅದು ಬಟ್ಟೆ ಇಡುವ ಕಪಾಟೇ ಆಗುತ್ತಿತ್ತು. ಆಯಿ ಒಂದು ಮಣ್ಣಿನ ಗಡಿಗೆಗೆ ಉಸುಕು ತುಂಬಿ, ನೀರು ಚಿಮುಕಿಸಿ, ನಡುವೆ ಒಂದು ಸಣ್ಣ ಮಗಿ ಹುಗಿದು, ಬಾಟಲಿಯನ್ನು ಅರಿವೆಯಲ್ಲಿ ಸುತ್ತಿ ಅದರೊಳಗಿಟ್ಟಳು. ಮುಂಜಾನೆ ದೇವರಿಗೆ ಕೈ ಮುಗಿದು ಹಾಗೇ ಒಂದು ಹೆಜ್ಜೆ ಸರಿದು ಗಡಿಗೆಗೂ ಮುಗಿಯುತ್ತಿದ್ದಳು. ಮುಂದಿನ ಎರಡು ತಿಂಗಳು ನಾನು ಮತ್ತೆ ಮನುಷ್ಯನಾದೆ. ಪ್ಯಾಂಟು ಸೊಂಟದಲ್ಲಿ ನಿಂತಿತು. ಹೊಲಗಳಲ್ಲಿ ಮತ್ತೆ ಸಾಯತೊಡಗಿದೆ.

ಆಮೇಲೆ ಸೂಜಿ ಮುಗಿದವು.

ನಮಗೆ ಹತ್ತಿರದ ಆರೋಗ್ಯ ಕೇಂದ್ರ ಎರಡು ಊರು ದಾಟಿದರೆ ಇದೆ. ಗುರುವಾರ ಸಕ್ಕರೆ ರೋಗದವರ ದಿನ. ಅವತ್ತು ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ನಾವೆಲ್ಲ ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂತಿರುತ್ತೇವೆ, ಕೂತು ಕೂತು ಇಡೀ ಸೀಮೆಯ ಸುದ್ದಿ ತಿಳಿದುಕೊಳ್ಳುತ್ತೇವೆ. ಅಲ್ಲಿಯ ಸಿಸ್ಟರ್ ಒಬ್ಬರೇ ರಕ್ತ ನೋಡಬೇಕು, ಚೀಟಿ ಬರೆಯಬೇಕು, ಕೂಸುಗಳಿಗೆ ಲಸಿಕೆ ಹಾಕಬೇಕು.

"ಬಾಟ್ಲಿ ಬಂದಾವು ಬಸು, ಸೂಜಿ ಬಂದಿಲ್ಲ. ಹೊರಗ ತಗೋ" ಎಂದರು.

ಹೊರಗೆ ಎಂದರೆ ಔಷಧ ಅಂಗಡಿ. ಅಲ್ಲಿ ಕೆಂಪು ಟೊಪ್ಪಿಗೆಯದು ಕೇಳಿದೆ.

"ಕೆಂಪು ಇಲ್ಲ, ಕೇಸರಿ ಐತಿ. ಒಯ್ಯಿ."

"ನಡಿತೈತೇನ್ರಿ?"

"ಟೊಪಗಿ ಬಣ್ಣ ನೋಡಿ ಏನ್ ಮಾಡತಿ? ಲಗ್ನಕ್ಕ ಹೊಂಟಿಯೇನು? ಸೂಜಿ ಅಂದ್ರ ಸೂಜಿ. ಇದರಾಗೂ ಇಪ್ಪತ್ತರ ಗೆರಿ ಐತಿ ನೋಡಿಲ್ಲೆ."

ಇತ್ತು. ಅದರಲ್ಲೂ ಇಪ್ಪತ್ತರ ಗೆರೆ ಇತ್ತು. "ಕೇಸರಿನ ಚಂದ ಕಾಣತೈತಿ ಕೊಡ್ರಿ" ಎಂದು ನಗುತ್ತ ತಂದುಬಿಟ್ಟೆ. ನನ್ನ ಅಂಗಡಿಯಲ್ಲಿ ಇಪ್ಪತ್ತೊಂದು ನಂಬರಿನ ತಂತಿಯ ಜಾಗದಲ್ಲಿ ಯಾರಾದರೂ ಇಪ್ಪತ್ತೆರಡರದು ಕೊಡಬಂದರೆ ನಾನು ಅವರನ್ನು ಯರಗಟ್ಟಿ ದಾಟಿಸಿ ಓಡಿಸುತ್ತಿದ್ದೆ. ಬೇರೆಯವರ ಮೋಟಾರಿಗೆ ಅಷ್ಟು ಕಾಳಜಿ, ನನ್ನ ಮೋಟಾರಿಗೆ ಬಣ್ಣ ಚಂದ ಕಂಡರೆ ಸಾಕಾಯಿತು.

ಮುಂದಿನ ಗುರುವಾರ ಬೆರಳು ಚುಚ್ಚಿ ರಕ್ತ ನೋಡಿದ ಸಿಸ್ಟರ್ ಹುಬ್ಬು ಮೇಲೇರಿಸಿದರು.

"ನಾಲ್ಕನೂರ ಎಂಬತ್ತು! ಏನ್ ತಿಂದಿ? ಖರೇ ಹೇಳು."

"ಎರಡು ರೊಟ್ಟಿ, ಪುಂಡಿ ಪಲ್ಲೆ ರೀ."

"ಪುಂಡಿ ಪಲ್ಲೆ ತಿಂದ್ರ ನಾಲ್ಕನೂರ ಎಂಬತ್ತು ಬರತೈತೇನು? ಯಾರ ಲಗ್ನದಾಗ ಬುಂದೆ ಹೊಡದಿ?"

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಇಲ್ಲ ಅಳುಮುಖ ಮಾಡಿಕೊಂಡು "ದೇವರಾಣೆ ತಿಂದಿಲ್ರಿ" ಎಂದಿದ್ದರೆ ಬೇರೆಯಾಗುತ್ತಿತ್ತೇನೋ. ಬೇವಿನ ಮರದ ಕೆಳಗೆ ಅಷ್ಟು ಜನ ಕೂತಿದ್ದಾರೆ, ನಾನು ಬಿಡುತ್ತೇನೆಯೇ? "ತಿಂದಿಲ್ರಿ ಸಿಸ್ಟರ್, ನಾ ಹುಟ್ಟಾ ಸಿಹಿ ಮನಷ್ಯಾ" ಎಂದೆ. ಸಾಲು ಹೋ ಎಂದು ನಕ್ಕಿತು. ಸಿಸ್ಟರ್ ಚೀಟಿಯ ಮೇಲೆ 'ಪಥ್ಯ ಮಾಡುವುದಿಲ್ಲ' ಎಂದು ಬರೆದರು. ಆ ಎರಡು ಪದ ನನ್ನ ಬೆನ್ನಿಗೆ ಅಂಟಿಕೊಂಡವು.

ವಾರಕ್ಕೆ ಎರಡು ದಿನ ಬರುವ ಡಾಕ್ಟರು ಆ ಚೀಟಿ ನೋಡಿದರು. ನನ್ನನ್ನು ನೋಡಲಿಲ್ಲ. "ಪಥ್ಯ ಮಾಡಬೇಕಪ್ಪ" ಎಂದು ಇಪ್ಪತ್ತನ್ನು ಹೊಡೆದು ಮೂವತ್ತು ಮಾಡಿದರು. ಸಂಜೆಯದನ್ನೂ ಏರಿಸಿದರು. ಎರಡು ತಿಂಗಳ ಮೇಲೆ ಮೂವತ್ತನ್ನು ಹೊಡೆದು ನಲವತ್ತು. ಹಿಂದೆ ಬಾಗಿಲಾಚೆಗೆ ಸಾಲು ಇತ್ತು, ಅವರಿಗೂ ಬೇರೆ ಊರಿಗೆ ಹೋಗುವುದಿತ್ತು, ಎಲ್ಲವೂ ಗೊತ್ತು. ಆದರೂ ನನ್ನ ಸಿಟ್ಟು ಹೋಗುವುದಿಲ್ಲ. ನಾಲ್ಕು ತಿಂಗಳು ಏನು ತಿಂದೆ ಎಂದು ನನ್ನನ್ನು ಕೇಳದವರಿಲ್ಲ. ಯಾವ ಸೂಜಿಯಿಂದ ಚುಚ್ಚಿಕೊಳ್ಳುತ್ತಿ ಎಂದು ಒಬ್ಬರೂ ಕೇಳಲಿಲ್ಲ. ಅರೆ ನಿಮಿಷದ ಪ್ರಶ್ನೆ ಅದು!

ಮನೆಯಲ್ಲಿ ಅವ್ವ ಬೆಲ್ಲದ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದಳು. ನಾನು ಅಂಗಡಿಯಿಂದ ಬಂದ ಕೂಡಲೇ ಹೊಸ್ತಿಲಲ್ಲೇ ತಡೆಯುತ್ತಿದ್ದಳು.

"ಬಾಯಿ ತಗಿ. ಮೂಸತೇನಿ."

"ಯವ್ವಾ, ನಾ ಏನ್ ಕುಡದ ಬಂದೇನೇನು?"

"ಕುಡದ್ರರ ಚಲೋ ಇತ್ತು, ಒಪ್ಪಗೊಂತಿದ್ದಿ. ಸಿಹಿ ತಿಂದು ಸುಳ್ಳ ಹೇಳತಿ."

ಆಯಿಯೊಬ್ಬಳು ಮಾತ್ರ, "ಹುಡುಗನ ಮಾರಿ ನೋಡ, ಸಿಹಿ ತಿಂದಾಂವನ ಮಾರಿ ಹಿಂಗ ಇರತೈತೇನು?" ಅನ್ನುತ್ತಿದ್ದಳು. ಅವ್ವ, "ನಿಮ್ಮ ಮುದ್ದಿನಿಂದನ ಕೆಟ್ಟಾನ ಅಂವ" ಎಂದು ಅವಳ ಬಾಯಿಯನ್ನೂ ಮುಚ್ಚಿಸುತ್ತಿದ್ದಳು.

ಕಾಲಿನ ಹಿಮ್ಮಡಿಯಲ್ಲಿ ಒಂದು ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ತಂತಿಯ ಎಳೆ ಎರಡೆರಡಾಗಿ ಕಾಣತೊಡಗಿದವು. ಎಲ್ಲರೂ ಅಷ್ಟು ಖಾತ್ರಿಯಾಗಿ ಹೇಳುವಾಗ ನನಗೇ ನನ್ನ ಮೇಲೆ ಅನುಮಾನ ಬಂತು. ನಿದ್ದೆಯಲ್ಲಿ ಎದ್ದು ಹೋಗಿ ಬೆಲ್ಲ ತಿನ್ನುತ್ತಿದ್ದೇನೆಯೇ? ಮಲಗುವ ಮುಂಚೆ ಟ್ರಂಕಿನ ಸುತ್ತ ಜೋಳದ ಹಿಟ್ಟು ಉದುರಿಸಿಟ್ಟೆ. ಬೆಳಿಗ್ಗೆ ನೋಡಿದರೆ ಹಿಟ್ಟಿನ ಮೇಲೆ ಹೆಜ್ಜೆ! ಪಾದ ಇಟ್ಟು ಅಳತೆ ನೋಡಿದೆ, ನನ್ನದಲ್ಲ. ಕಾಲುಂಗುರದ ಗುರುತಿತ್ತು. ಕೀಲಿ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಜಗ್ಗಿ ನೋಡಲು ಅವ್ವ ಎದ್ದು ಬಂದಿದ್ದಳು. ಹಿಟ್ಟು ಚೆಲ್ಲಿದ್ದಕ್ಕೆ ಬೈಸಿಕೊಂಡೆ, ಅದು ಬೇರೆ.

ಇಂಥದರಲ್ಲಿ ಒಂದು ಗುರುವಾರ ಸಿಸ್ಟರ್ ನಗುನಗುತ್ತ, "ಬಸು, ಸೂಜಿ ಬಂದಾವು ನೋಡಪ, ಇನ್ನ ಹೊರಗ ತಗೊಳ್ಳೂದು ಬ್ಯಾಡ" ಎಂದು ಕೆಂಪು ಟೊಪ್ಪಿಗೆಯ ಸೂಜಿಗಳ ಕಟ್ಟು ಕೈಗಿಟ್ಟರು. ಮರುದಿನ ಮುಂಜಾನೆ ಆಯಿಯ ಗಡಿಗೆಯಿಂದ ಬಾಟಲಿ ತೆಗೆದು ಚೀಟಿಯಲ್ಲಿ ಬರೆದಂತೆ ನಲವತ್ತರ ಗೆರೆಯ ತನಕ ಎಳೆದೆ. ಸೂಜಿ ಕಂಠದವರೆಗೆ ತುಂಬಿತು. ಕೇಸರಿಯದರಲ್ಲಿ ನಲವತ್ತು ಎಂದರೆ ಅರ್ಧವೂ ತುಂಬುತ್ತಿರಲಿಲ್ಲ. ಕಣ್ಣಿಗೆ ಕಂಡಿತು. ಕಂಡದ್ದು ತಲೆಗೆ ಹೋಗಲಿಲ್ಲ, ಬಾಯಿಗೆ ಬಂತು.

"ಆಯಿ, ಇವತ್ತ ಫುಲ್ ಟ್ಯಾಂಕ್ ನೋಡ!"

ಚುಚ್ಚಿಕೊಂಡು, ಒಂದು ರೊಟ್ಟಿ ತಿಂದು, ಉಸ್ತಾದರ ಗಾಡಿ ಹತ್ತಿದೆ.

ಉಸ್ತಾದ್ ಎಂದರೆ ನಮ್ಮ ಅಂಗಡಿಯ ಮಾಲೀಕರು, ನನಗೆ ತಂತಿ ಸುತ್ತುವುದನ್ನು ಕಲಿಸಿದವರು. ಅರವತ್ತರ ಮೇಲಿನ ವಯಸ್ಸು, ಮಾತು ಕಡಿಮೆ, ಕಣ್ಣು ಚೂಪು. ಅವತ್ತು ಸವದತ್ತಿ ಕಡೆಯ ಒಂದು ಹೊಲದಲ್ಲಿ ಬಾವಿಗೆ ಮೋಟಾರು ಇಳಿಸುವುದಿತ್ತು. ಹನ್ನೊಂದರ ಸುಮಾರಿಗೆ ಬೋಲ್ಟು ಬಿಗಿಯುತ್ತಿದ್ದೆ. ಕೈಯಲ್ಲಿದ್ದ ಪಾನಾ ನಡುಗತೊಡಗಿತು. ಬಿಸಿಲಿಗೆ ಬೆವರು ಎಂದುಕೊಂಡೆ, ಆದರೆ ಬೆವರು ತಣ್ಣಗಿತ್ತು. ನಾಲಿಗೆ ದಪ್ಪವಾಯಿತು. "ಉಸ್ತಾದ್, ನನಗ ಒಂಥರಾ..." ಎನ್ನಹೋದೆ, ಬಾಯಿಂದ ಬಂದದ್ದು ಬೇರೆ ಏನೋ. ಸ್ಟಾರ್ಟರ್ ಡಬ್ಬಿ ಹಿಡಿದು ನಿಲ್ಲಲು ನೋಡಿದೆ. ಹಾಳಾದ್ದು, ಹಿಡಿಯಲು ಬೇರೆ ಏನೂ ಸಿಗಲಿಲ್ಲವೇ ನನಗೆ? ಡಬ್ಬಿಗೆ ಕೈ ತಾಗಿತು, ನಾನು ನೆಲಕ್ಕೆ ಬಿದ್ದು ಕೈಕಾಲು ಬಡಿದೆ.

ಚಪ್ಪಾಳೆ ಕೇಳಿಸಿತು. ಅದು ನನಗೆ ನೆನಪಿದೆ. ಹೊಲದವರು, ಅವರ ಹೆಂಡತಿ, ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು, ಎಲ್ಲ ಹೊಟ್ಟೆ ಹಿಡಿದು ನಕ್ಕರು. "ಬಸ್ಯಾನ ಆಟ ಬಸ್ಯಾಂದ ನೋಡ್ರಿ! ಕಣ್ಣ ಹೆಂಗ ತೇಲಿಸ್ಯಾನ!" ಬಾವಿಯ ತಳದಿಂದ ಕೇಳಿದಂತೆ ಆ ನಗು ಕೇಳುತ್ತಿತ್ತು. ಕೂಗಬೇಕು ಅನಿಸುತ್ತಿತ್ತು. ಕೂಗು ಹೊರಡಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ನಿಜ ಹೇಳುತ್ತಿದ್ದೆ, ಅದಕ್ಕೇ ಜೋರು ಚಪ್ಪಾಳೆ ಬಿತ್ತು.

"ಸಾಕ ಏಳೋ, ಚಾ ಇಟ್ಟಾರ" ಎಂದರು ಉಸ್ತಾದ್. ನಾನು ಏಳಲಿಲ್ಲ. ಒಂದು ಗಳಿಗೆ ಬಿಟ್ಟು ಅವರ ದನಿ ಬದಲಾಯಿತು.

"ತಡೀರಿ. ಇವ ಚಾ ಕೇಳವಲ್ಲ."

ಹತ್ತಿರ ಬಂದು ನನ್ನ ಅಂಗಿ ಮುಟ್ಟಿದರು. ಹಿಂಡಿದರೆ ನೀರು ಸೋರುವಷ್ಟು ನೆನೆದಿತ್ತು. "ಯಾ ಅಲ್ಲಾ, ನಾಟಕ ಮಾಡಾಂವನ ಮೈ ಹಿಂಗ ತಣ್ಣಗ ಆಗಂಗಿಲ್ಲ. ಬೆಲ್ಲ ತರ್ರಿ, ಬೆಲ್ಲ! ಲಗೂನ!" ಸಕ್ಕರೆ ಒಮ್ಮೆಲೇ ಇಳಿದರೆ ಸಿಹಿ ಕೊಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಹಿಡಿದು, ಹಿಂದೆಂದೋ ಅಂಗಡಿಯಲ್ಲಿ ಕೂತು, "ನಾ ಸಾಯೂ ಮುಂದ ಬಾಯಾಗ ನೀರ ಬಿಡಬ್ಯಾಡ್ರಿ ಉಸ್ತಾದ್, ಬೆಲ್ಲ ಇಡ್ರಿ" ಎಂದು ಚೇಷ್ಟೆ ಮಾಡಿದ್ದೆ. ನನ್ನ ಹತ್ತು ಮಾತಿನಲ್ಲಿ ಒಂಬತ್ತು ಬಿಟ್ಟು ಅವರು ಹಿಡಿದಿಟ್ಟುಕೊಂಡ ಒಂದು ಮಾತು ಅದಾಗಿತ್ತು. ಹೊಲದವರ ಹೆಂಡತಿ ತಂದ ಬೆಲ್ಲವನ್ನು ಬೆರಳಲ್ಲಿ ನುಣ್ಣಗೆ ಮಾಡಿ, ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಲ್ಲದ ಒಳಗೆ ಸವರಿದರು. ಸವರುತ್ತಲೇ ಕೂತರು. ಜಗತ್ತು ತುಸುತುಸುವಾಗಿ ಮರಳಿತು. ಮೊದಲು ಬಂದದ್ದು ರುಚಿ. ನಾಲ್ಕು ತಿಂಗಳು ಕೀಲಿ ಹಾಕಿಟ್ಟಿದ್ದ ಬೆಲ್ಲದ ರುಚಿ.

ಅಂಗಡಿಗೆ ಬಂದ ಮೇಲೆ ಉಸ್ತಾದ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಸುಟ್ಟ ಮೋಟಾರು ತಂದವರನ್ನು ವಿಚಾರಿಸುವಂತೆ ವಿಚಾರಿಸಿದರು.

"ಮುಂಜಾನಿ ಏನೇನ್ ಮಾಡಿದಿ?"

"ಸೂಜಿ ಮಾಡಕೊಂಡೆ. ರೊಟ್ಟಿ ತಿಂದೆ."

"ದಿನಾ ಮಾಡೂದನ?"

"ದಿನಾ ಮಾಡೂದನ. ನಲವತ್ತರ ಗೆರಿ. ಸೂಜಿ ಅಷ್ಟ ಹೊಸಾದು."

"ಹೊಸಾದಂದ್ರ? ಹಳೇದು ಎಲ್ಲೈತಿ? ಎರಡೂ ತಗಿ."

ಚೀಲದಲ್ಲಿ ಎರಡೂ ಇದ್ದವು, ಆರೋಗ್ಯ ಕೇಂದ್ರಕ್ಕೆ ತೋರಿಸಲು ಒಯ್ದಿದ್ದ ಖಾಲಿ ಬಾಟಲಿಯೂ ಇತ್ತು. ತಂತಿ ಅಳೆಯುವ ಮೇಜಿನ ಮೇಲೆ ಎರಡನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು, ಭೂತಗನ್ನಡಿ ಹಿಡಿದು ನೋಡಿದರು. ಉಸ್ತಾದರಿಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಬರುತ್ತದೆ. ಕೆಂಪು ಸೂಜಿಯ ಮೇಲೆ ಸಣ್ಣದಾಗಿ ನಲವತ್ತು ಎಂದಿತ್ತು. ಕೇಸರಿಯದರ ಮೇಲೆ ನೂರು ಎಂದಿತ್ತು. ಬಾಟಲಿ ತಿರುಗಿಸಿದರು, ಅದರ ಮೇಲೆ ನಲವತ್ತು. ಎರಡು ಚಹದ ಗ್ಲಾಸು ಇಟ್ಟು, ಎರಡೂ ಸೂಜಿಯಲ್ಲಿ ಇಪ್ಪತ್ತರ ಗೆರೆಯ ತನಕ ನೀರು ಎಳೆದು, ಒಂದೊಂದು ಗ್ಲಾಸಿಗೆ ಬಿಟ್ಟರು. ಹತ್ತತ್ತು ಸಲ ಹಾಗೇ ಮಾಡಿದರು. ಒಂದು ಗ್ಲಾಸಿನಲ್ಲಿ ನೀರು ನಿಂತಿತು, ಇನ್ನೊಂದರಲ್ಲಿ ತಳ ಮುಚ್ಚಿತ್ತು ಅಷ್ಟೆ. ಒಂದರದು ಇನ್ನೊಂದರ ಎರಡೂವರೆ ಪಟ್ಟು.

"ಬಾಟ್ಲಿ ನಲವತ್ತರದು, ಸೂಜಿ ನೂರರದು" ಎಂದರು ಉಸ್ತಾದ್. "ಅಷ್ಟ ಉದ್ದಕ್ಕ ಕೆಂಪದರಾಗ ನಲವತ್ತರ ತನಕ ಅಂಕಿ, ಕೇಸರಿದರಾಗ ನೂರರ ತನಕ. ಗೇಜ್ ತಪ್ಪೈತಿ ಬೇಟಾ. ನಾಕು ತಿಂಗಳು ನೀ ಅರ್ಧಾನೂ ತಗೊಂಡಿಲ್ಲ. ಅದಕ್ಕ ಅವರು ಏರಿಸ್ಕೋಂತ ಹೋದ್ರು. ಇವತ್ತ ಸರಿ ಸೂಜಿ ಬಂತು, ಏರಿಸಿದ್ದೆಲ್ಲಾ ಒಮ್ಮೆಲೆ ಒಳಗ ಹೋತು."

ನನ್ನನ್ನು ಕೆಡವಿದ್ದು ಸರಿಯಾದ ಸೂಜಿ. ಆ ಎರಡು ಗ್ಲಾಸು ನೋಡುತ್ತ ಕೂತೆ. ಏನಾದರೊಂದು ಚೇಷ್ಟೆಯ ಮಾತು ಬರುತ್ತದೆಂದು ಕಾದೆ, ಬರಲಿಲ್ಲ. ಅವ್ವ ಮೂಸಿದ್ದ ಬಾಯಿ, ಹಿಟ್ಟಿನ ಮೇಲಿನ ಹೆಜ್ಜೆ, 'ಪಥ್ಯ ಮಾಡುವುದಿಲ್ಲ' ಎಂಬ ಎರಡು ಪದ, ಒಂದೊಂದಾಗಿ ಎದೆಗೆ ಬಂದು ಕೂತವು. ಎದ್ದು ಎರಡೂ ಸೂಜಿ ಕಿಸೆಯಲ್ಲಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೆ ನಡೆದೆ. ಉಸ್ತಾದ್ ಅಂಗಡಿಯ ಬಾಗಿಲು ಎಳೆದು ಹಿಂದೆಯೇ ಬಂದರು.

ಸಿಸ್ಟರ್ ಮೇಜಿನ ಮೇಲೆ ಎರಡನ್ನೂ ಇಟ್ಟೆ. "ನಾ ಸಿಹಿ ತಿಂದಿದ್ದಿಲ್ಲ" ಎಂದೆ. ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ. ಉಸ್ತಾದ್ ಎಲ್ಲ ಬಿಡಿಸಿ ಹೇಳಿದರು. ಸಿಸ್ಟರ್ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನನಗ ಯಾರ್ ಹೇಳ್ಯಾರ ಬಸು?" ಎಂದರು ಕೊನೆಗೆ. "ಬಾಟ್ಲಿ ಕಳಸವ್ರು ಬಾಟ್ಲಿ ಕಳಸ್ತಾರ, ಸೂಜಿ ಕಳಸವ್ರು ನೆನಪಾದ್ರ ಸೂಜಿ ಕಳಸ್ತಾರ. ಹೊರಗ ತಗೋ ಅಂತ ಹೇಳು ಅಂತಾರ, ಯಾವುದು ತಗೋ ಅಂತ ಹೇಳಂಗಿಲ್ಲ. ನಾ ಮೂರು ಊರಿಗೆ ಒಬ್ಬಾಕಿ."

"ನಾ ಸತ್ತಿದ್ರ ಚೀಟಿ ಮ್ಯಾಲೆ ಏನ್ ಬರೀತಿದ್ರಿ? ಪಥ್ಯ ಮಾಡಲಿಲ್ಲ ಅಂತಿದ್ರಿ."

ಸಿಸ್ಟರ್ ನನ್ನೆದುರೇ ಡಾಕ್ಟರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಅವರು, ಕೆಂಪು ಸೂಜಿಯಲ್ಲಿ ಮತ್ತೆ ಇಪ್ಪತ್ತಕ್ಕೆ ಬರಲಿ, ಸಂಜೆ ಹತ್ತು, ದಿನಾ ಬಂದು ತೋರಿಸಲಿ ಎಂದರು. ಸಿಸ್ಟರ್ ನನ್ನ ಚೀಟಿ ತೆಗೆದು ಆ ಎರಡು ಪದವನ್ನು ಹಾಳೆ ಹರಿಯುವಂತೆ ಗೀಚಿ ಹಾಕಿದರು.

ನನಗೆ ಒಬ್ಬ ಖಳನಾಯಕ ಬೇಕಾಗಿತ್ತು, ಕೊರಳಪಟ್ಟಿ ಹಿಡಿಯಲು. ಸಿಗಲಿಲ್ಲ. ಅಂಗಡಿಯವ ಗೆರೆ ತೋರಿಸಿದ್ದ, ಸಿಸ್ಟರಿಗೆ ಯಾರೂ ಹೇಳಿರಲಿಲ್ಲ, ಡಾಕ್ಟರಿಗೆ ಪುರಸೊತ್ತಿರಲಿಲ್ಲ, ನಾನು ನಕ್ಕಿದ್ದೆ. ಎಲ್ಲರೂ ಒಂದೊಂದು ಬೆರಳು ಹಚ್ಚಿ ನನ್ನನ್ನು ಬಾವಿಗೆ ತಳ್ಳಿದ್ದರು. ಇಂಥ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? ಹೊತ್ತುಕೊಂಡು ತಿರುಗಬೇಕು ಅಷ್ಟೆ.

ಮನೆಯಲ್ಲಿ ಅವ್ವನಿಗೂ ಗ್ಲಾಸು ಇಟ್ಟು ತೋರಿಸಿದೆ. ಅವಳು ಸೊಂಟದ ಕೀಲಿಕೈ ಬಿಚ್ಚಿ ಗಡಿಗೆಯ ಮಗ್ಗುಲಿಗಿಟ್ಟು ಹೊರಗೆ ಹೋಗಿ ಕೂತಳು. ಆಯಿ ಮಾತ್ರ, "ನಾ ಹೇಳಿದ್ದಿಲ್ಲೇನು?" ಎಂದು ದಿನವಿಡೀ ಹೇಳಿದಳು.

ಮುಂದಿನ ಗುರುವಾರ ಬೇವಿನ ಮರದ ಕೆಳಗೆ ಎದ್ದು ನಿಂತೆ. "ಸೂಜಿ ಮಾಡಕೊಳ್ಳವ್ರು ಎಲ್ಲಾರೂ ನಿಮ್ಮ ನಿಮ್ಮ ಸೂಜಿ ಹೊರಗ ತಗೀರಿ. ಟೊಪಗಿ ಬಣ್ಣ ನೋಡೂದೈತಿ."

ಸಾಲು ನಕ್ಕಿತು. "ಹೊಸಾ ಆಟ ಸುರು ಮಾಡ್ಯಾನ. ಟೊಪಗಿ ಆಟ!"

ಒಳಗಿನಿಂದ ಸಿಸ್ಟರ್ ಬಂದು ಬಾಗಿಲಲ್ಲಿ ನಿಂತರು. "ನಗಬ್ಯಾಡ್ರಿ. ತಗದು ತೋರಸ್ರಿ ಅವಗ."

ನಗು ನಿಂತಿತು. ಒಬ್ಬೊಬ್ಬರೇ ಚೀಲ, ಕಿಸೆ, ಸೆರಗಿನ ಗಂಟು ಬಿಚ್ಚಿದರು. ಕೆಂಪು, ಕೆಂಪು. ಸಾಲಿನ ಕೊನೆಯಲ್ಲಿ ಕೂತಿದ್ದ ಒಬ್ಬರು ಮುದುಕರು ತಲೆಯ ಬಿಳಿ ಟೊಪ್ಪಿಗೆ ತೆಗೆದು, ಅದರ ಮಡಿಕೆಯಿಂದ ಒಂದು ಸೂಜಿ ಎಳೆದು ನನ್ನ ಕಡೆ ಚಾಚಿದರು. ಎಡಗಾಲಿಗೆ ಅರಿವೆ ಸುತ್ತಿದ್ದರು. ಎರಡು ಬೆರಳು ಇರಬೇಕಾದಲ್ಲಿ ಅರಿವೆ ಚಪ್ಪಟೆಯಾಗಿತ್ತು.

"ತಮ್ಮಾ, ನನಗ ಕಣ್ಣು ಮಂಜು. ಇದು ಯಾವ ಬಣ್ಣದ್ದು?"

ಕೇಸರಿ.

"ಎಷ್ಟ ದಿನದಿಂದ ಇದರಿಂದನ ಮಾಡಕೊಳ್ಳಾಕ ಹತ್ತೀರಿ, ಅಜ್ಜಾ?"

"ಎರಡು ವರ್ಷ ಆತು. ಸೊಸಿ ಚುಚ್ಚತಾಳ."

ಬೆರಳು ಹೋದದ್ದು ಈ ಸೂಜಿಯಿಂದಲೇ ಎನ್ನಲು ನಾನು ಡಾಕ್ಟರನಲ್ಲ. ಇದು ಬಾಟಲಿಗೆ ಹೊಂದುವ ಸೂಜಿಯಲ್ಲ ಎಂದಷ್ಟೇ ಹೇಳಿದೆ. ಸಿಸ್ಟರ್ ಅವರನ್ನು ಸಾಲು ತಪ್ಪಿಸಿ ಒಳಗೆ ಕರೆದೊಯ್ದು, ಅವರ ಎದುರಿಗೇ ಡಾಕ್ಟರನ್ನು ಕೇಳಿ, ಕೆಂಪು ಸೂಜಿಗೆ ಎಷ್ಟು ಎಂದು ಹೊಸದಾಗಿ ಬರೆಸಿದರು. ಮುದುಕರು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನಾ ಸಿಹಿ ತಿಂದಿಲ್ಲ ತಮ್ಮಾ. ಕದ್ದು ತಿಂತೀರಿ ಅಂತ ಮನ್ಯಾಗ ನಂಬೂದಿಲ್ಲ. ನೀ ಬಂದು ಒಂದು ಮಾತ ಹೇಳತಿಯೇನು?"

ಅವರಿಗೆ ಬೇಕಾದದ್ದು ಅದೊಂದೇ ಆಗಿತ್ತು. ಹೋದೆ. ಬಾಗಿಲಲ್ಲಿ ಸೊಸೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಕರೆಂಟ್ ಹೊಡದಂಗ ಬೀಳಾಂವಲ್ಲೇನು? ನಮ್ಮ ಅಣ್ಣನ ಹೊಲದಾಗ ಬಿದ್ದಿದ್ದಿ."

"ಹೌದ್ರಿ ಅಕ್ಕಾರ, ಅವನ. ಎರಡು ಗ್ಲಾಸು, ಒಂದು ತಂಬಿಗಿ ನೀರು ಕೊಡ್ರಿ."

ಕಟ್ಟೆಯ ಮೇಲೆ ಗ್ಲಾಸು ಇಟ್ಟು, ಎರಡು ಸೂಜಿಯಲ್ಲೂ ಇಪ್ಪತ್ತರ ಗೆರೆಯ ತನಕ ಎಳೆದು ಎಳೆದು ಬಿಟ್ಟೆ. ಆಕೆ ಮೊದಲು ನನ್ನ ಮುಖವನ್ನೇ ನೋಡುತ್ತಿದ್ದಳು, ಎಲ್ಲಿ ನಗುತ್ತೇನೋ ಎಂದು. ಆಮೇಲೆ ಗ್ಲಾಸು ನೋಡಿದಳು. ದಿನಾ ಎರಡು ಹೊತ್ತು ತನ್ನ ಕೈಯಾರೆ ಚುಚ್ಚಿದವಳು, ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಕಂಬ ಹಿಡಿದು ನಿಂತಳು.

"ಮಾವಾ, ನಾ ನಿಮಗ ಎಷ್ಟ ಬೈದೆ..."

ಮುದುಕರು ಟೊಪ್ಪಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅದರ ಮಡಿಕೆ ತೀಡುತ್ತಿದ್ದರು.

"ಬೈದದ್ದು ಹೋಗಲಿ ಬಿಡ ಯವ್ವಾ. ಈ ಬೆರಳು ಕೇಳಾಕ ಯಾರ ಮನಿಗಿ ಹೋಗೂಣು?"

ಇಬ್ಬರೂ ನನ್ನ ಕಡೆ ನೋಡಿದರು. ಎಲ್ಲದಕ್ಕೂ ಏನಾದರೊಂದು ಹೇಳುವವನು ನಾನು. ಕೇಸರಿ ಸೂಜಿಯ ಮೊನೆಯನ್ನು ಕಲ್ಲಿಗೆ ಒತ್ತಿ ಮುರಿದು, ಹಾಳೆಯಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡೆ. ಚಹ ಕೇಳಲಿಲ್ಲ.